ಇಲ್ಲದ ಗೋಡೆಯ ಗುಡ್ಡ

ನನಗೆ ಗುಡ್ಡ ಬರೆಯಲು ಬರುತ್ತದೆ, ಪ್ರಾಣಿ ಬರೆಯಲು ಬರುವುದಿಲ್ಲ. ಮಕ್ತಲ್, ನಾರಾಯಣಪೇಟೆ, ಗದ್ವಾಲ ಸುತ್ತಲಿನ ಊರುಗಳಲ್ಲಿ ಇಪ್ಪತ್ತು ವರ್ಷದಿಂದ ಗೋಡೆಗೆ ಬಣ್ಣ ಹಾಕಿ ಬದುಕಿದವನು ಹೀಗೆ ಹೇಳಿದರೆ ನನ್ನ ಗಿರಾಕಿಗಳು ನಂಬಲಿಕ್ಕಿಲ್ಲ. ನಾನು ಬಣ್ಣ ಹಾಕಿದ ಚಹಾ ಅಂಗಡಿಗಳಲ್ಲಿ, ಗಿರಣಿಗಳ ಕಾಂಪೌಂಡಿನಲ್ಲಿ, ಅಂಗನವಾಡಿಗಳಲ್ಲಿ ನರಿ ಇದೆ, ಚಿಗರಿ ಇದೆ, ಬಾಲ ತಗ್ಗಿಸಿಕೊಂಡು ಹೋಗುತ್ತಿರುವ ತೋಳ ಇದೆ. ಹತ್ತಿರ ಹೋದರೆ ಎದ್ದು ಓಡುತ್ತವೇನೋ ಎಂದು ಜನ ಹೊಗಳುತ್ತಿದ್ದರು. ನಾನು ತಲೆ ಬಗ್ಗಿಸಿ ಬ್ರಷ್ ತೊಳೆಯುತ್ತಿದ್ದೆ. ಅವನ್ನೆಲ್ಲ ಬರೆದವಳು ನನ್ನ ತಂಗಿ. ಅದನ್ನು ಯಾರಿಗೂ ಹೇಳದೆ ಉಳಿದದ್ದು ಒಂದು ತಪ್ಪು. ಈಗ ಬರೆಯಬೇಕೆಂದು ಕುಳಿತದ್ದು ಅದಕ್ಕಿಂತ ದೊಡ್ಡ ತಪ್ಪನ್ನು.

ನಾನು ಓದಿದ್ದು ನಾಲ್ಕನೇ ತರಗತಿಯವರೆಗೆ. ಗಡಿಯಾಚೆಯ ಈ ಊರುಗಳಲ್ಲಿ ತೆಲುಗಿನಲ್ಲಿ ಅಂಗಡಿಗಳ ಬೋರ್ಡು ಬರೆದು ಬರೆದು ಕನ್ನಡ ಅಕ್ಷರಗಳು ಕೈಯಿಂದ ಸ್ವಲ್ಪ ದೂರ ಹೋಗಿವೆ. ಎಲ್ಲಾದರೂ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ನಮ್ಮದು ದಾಮರಗಿದ್ದ ಕಡೆಯ ಕುರುಬರ ಮನೆ. ಅಪ್ಪನಿಗೆ ಕುರಿ ಬಿಟ್ಟರೆ ಕುಲದೇವರು ಬೀರಪ್ಪ, ಬೀರಪ್ಪನನ್ನು ಬಿಟ್ಟರೆ ಕುರಿ. ನನ್ನನ್ನು ಶಾಲೆಗೆ ಹಾಕಿದರು, ತಂಗಿಯನ್ನು ಕುರಿಗಳ ಹಿಂದೆ ಕಳಿಸಿದರು. ಊರ ಹೊರಗೆ ಒಂದು ಗುಡ್ಡವಿದೆ. ದೊಡ್ಡದೇನಲ್ಲ, ಬಂಡೆಯ ಮೇಲೆ ಬಂಡೆ ಕುಳಿತ ಬೋಳು ಗುಡ್ಡ, ಸಂದಿಗಳಲ್ಲಿ ಸೀತಾಫಲದ ಗಿಡಗಳು. ಅವಳು ಹದಿನಾಲ್ಕು ವರ್ಷದವಳಾಗುವವರೆಗೆ ಹಗಲೆಲ್ಲ ಅಲ್ಲಿಯೇ ಕಳೆದವಳು. ಕುರಿಗಳಿಗೆ ಗುರುತು ಹಾಕಲು ಅಪ್ಪ ಕೆಮ್ಮಣ್ಣು ಇಟ್ಟುಕೊಂಡಿರುತ್ತಿದ್ದ. ಅದರಲ್ಲಿ ಒಂದು ಹೆಂಟೆ ಕದ್ದು ಅವಳು ಬಂಡೆಗಳ ಮೇಲೆ ಕಂಡದ್ದನ್ನು ಬರೆಯುತ್ತಿದ್ದಳು. ಕುರಿ ಎಣಿಸು ಎಂದರೆ ನರಿ ಬರೆದು ಕೂತಿರುತ್ತಾಳೆ, ಇವಳನ್ನು ಮದುವೆಯಾಗುವವನ ಗತಿಯೇನು ಎಂದು ಅಪ್ಪ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ. ಆದರೆ ಆ ಬಂಡೆಗಳ ಮೇಲಿನ ಗೆರೆಗಳ ಮೇಲೆ ಅವನು ಕಾಲಿಟ್ಟದ್ದನ್ನು ನಾನು ನೋಡಿಲ್ಲ. ಸುತ್ತಿ ಬಳಸಿ ಹೋಗುತ್ತಿದ್ದ.

ಶಾಲೆ ಬಿಟ್ಟ ಮೇಲೆ ನನ್ನನ್ನು ನಾರಾಯಣಪೇಟೆಯಲ್ಲಿ ಬೋರ್ಡು ಬರೆಯುವ ಒಬ್ಬ ಉಸ್ತಾದರ ಹತ್ತಿರ ಬಿಟ್ಟರು. ಅವರು ಕಲಿಸಿದ ಕೆಲಸಗಳಲ್ಲಿ ಒಂದು ಖಾಕಾ. ಚಿತ್ರವನ್ನು ಮೊದಲು ಕಂದು ಹಾಳೆಯ ಮೇಲೆ ಬರೆಯುವುದು, ಹಾಳೆಯ ಕೆಳಗೆ ಕಂಬಳಿ ಮಡಚಿ ಹಾಸಿ, ಗೆರೆಯ ಉದ್ದಕ್ಕೂ ಸೂಜಿಯಿಂದ ಚುಚ್ಚುತ್ತ ಹೋಗುವುದು. ಆ ಹಾಳೆಯನ್ನು ಗೋಡೆಗೆ ಹಿಡಿದು, ಇದ್ದಿಲ ಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ಮೆಲ್ಲಗೆ ತಟ್ಟಿದರೆ ತೂತುಗಳಿಂದ ಪುಡಿ ಇಳಿದು ಗೋಡೆಯ ಮೇಲೆ ಚುಕ್ಕಿಗಳು ನಿಲ್ಲುತ್ತವೆ. ಚುಕ್ಕಿ ಸೇರಿಸಿ ಬಣ್ಣ ತುಂಬಿದರೆ ಆಯಿತು. ಒಂದು ಖಾಕಾ ಇದ್ದರೆ ಒಂದೇ ಪ್ರಾಣಿಯನ್ನು ಹತ್ತು ಊರಿನಲ್ಲಿ ನಿಲ್ಲಿಸಬಹುದು. ನನ್ನ ಕೈ ಗುಡ್ಡಕ್ಕೆ, ಮೋಡಕ್ಕೆ, ನೀರಿಗೆ ಒಗ್ಗಿತು. ಪ್ರಾಣಿ ಬರೆದರೆ ಎಲ್ಲವೂ ಕುರಿಯ ಹಾಗೆಯೇ ಕಾಣುತ್ತಿದ್ದವು. ತಂಗಿ ಬರೆದುಕೊಟ್ಟಳು. ಚುಚ್ಚುವುದನ್ನೂ ಅವಳೇ ಕಲಿತಳು. ಉಸ್ತಾದರು ತೀರಿಕೊಂಡ ಮೇಲೆ ನಾನು ಮಕ್ತಲ್‌ನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬನೇ ಕೆಲಸ ಶುರು ಮಾಡಿದೆ. ಮದುವೆ ಆಗಲಿಲ್ಲ. ಆ ಕೋಣೆಯಲ್ಲಿಯೇ ಈಗಲೂ ಇದ್ದೇನೆ.

ತಂಗಿಯನ್ನು ಧರೂರು ಕಡೆಯ ಒಂದು ಊರಿಗೆ ಕೊಟ್ಟರು. ಒಳ್ಳೆಯ ಗಂಡ. ಕಾಲುವೆ ನೀರಿನ ಗದ್ದೆ, ಎರಡು ಎಮ್ಮೆ. ಆದರೆ ಅಲ್ಲಿ ನೆಲ ಸಪಾಟು. ಮದುವೆಯಾದ ಹೊಸದರಲ್ಲಿ ಅವಳು ನನಗೆ ಹೇಳಿದ್ದು ಒಂದೇ ದೂರು: "ಕಣ್ಣಿಗೆ ಆಸರಿಲ್ಲ ಅಣ್ಣ ಇಲ್ಲಿ. ನೋಡಿದಷ್ಟೂ ನೀರು, ನೋಡಿದಷ್ಟೂ ಹಸರು. ಎಲ್ಲಿ ನಿಲ್ಲಸಲಿ ಕಣ್ಣು?"

ಖಾಕಾಗಳು ನಿಲ್ಲಲಿಲ್ಲ. ಬರೆದು, ಚುಚ್ಚಿ, ಸುರುಳಿ ಸುತ್ತಿ, ಗದ್ವಾಲಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಫೋನ್ ಮಾಡುತ್ತಿದ್ದಳು. ನಾನು ಗದ್ವಾಲ ಬಸ್ ನಿಲ್ದಾಣದಲ್ಲಿ ಕಾದಿದ್ದು ಇಸಿದುಕೊಳ್ಳುತ್ತಿದ್ದೆ. ಒಬ್ಬ ಕಂಡಕ್ಟರ್ ಒಮ್ಮೆ ಸುರುಳಿ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ. ಹಾಳೆಯ ತುಂಬ ಬರೀ ತೂತು. ಇಲಿ ಕಡಿದ ಕಾಗದಕ್ಕೆ ಇಷ್ಟು ದೂರದಿಂದ ಬಂದು ಕಾಯುತ್ತೀಯಲ್ಲ ಎಂದು ತಮಾಷೆ ಮಾಡಿದ.

ಒಂದು ಸಲ ಸುರುಳಿಯೊಳಗೆ ಚುಚ್ಚದ ದೊಡ್ಡ ಹಾಳೆಯೊಂದು ಬಂತು. ಅದರಲ್ಲಿ ನಮ್ಮ ಗುಡ್ಡವಿತ್ತು. ಯಾವ ಬಂಡೆಯ ಹತ್ತಿರ ಯಾವ ಪ್ರಾಣಿ ಎಂದು ಗುರುತು ಹಾಕಿದ್ದಳು. ಮೇಲೆ ಎರಡು ಚಿಗರಿ, ಮಗ್ಗುಲಲ್ಲಿ ಮುಳ್ಳುಹಂದಿ, ಸೀತಾಫಲದ ಕೆಳಗೆ ನರಿ, ಹೀಗೆ. ಬೇರೆ ಬೇರೆ ಗೋಡೆಗಳಲ್ಲಿ ಒಂದೊಂದನ್ನೇ ನಿಲ್ಲಿಸಿದ್ದು ಸಾಕು, ಎಲ್ಲವನ್ನೂ ಅವು ಇದ್ದ ಹಾಗೆ ಒಂದೇ ಗುಡ್ಡದ ಮೇಲೆ ಒಂದು ಸಲ ನಿಲ್ಲಿಸು ಎಂಬುದು ಅವಳ ಬೇಡಿಕೆ. ಫೋನಿನಲ್ಲಿ ವಿವರಿಸಿದಳು.

"ಮಳಿ ಬರೂಕಿಂತ ಮುಂಚಿನ ಹೊತ್ತದು. ಗಾಳಿ ಪಡುವಲದಿಂದ ಬರಾಕತ್ತೈತಿ. ಅದಕ್ಕ ತೋಳ ಮೂಡಲ ಮಗ್ಗಲದಾಗ ಇರಬೇಕು. ಇಲ್ಲಂದ್ರ ವಾಸನಿ ಬಡದು ಚಿಗರಿ ಅಲ್ಲಿ ನಿಲ್ಲೂದಿಲ್ಲ. ತಿಳೀತಿಲ್ಲೋ?"

ಗೋಡೆಯಲ್ಲಿ ಗಾಳಿ ಎಲ್ಲಿಂದ ಬರುತ್ತದೆ ಎಂದು ನಾನು ನಕ್ಕೆ.

"ನಗಬ್ಯಾಡ. ಒಂದು ಗ್ವಾಡಿ ಸಾಕಣ್ಣ. ಮತ್ತೇನೂ ಕೇಳೂದಿಲ್ಲ ನಿನಗ."

ಆ ದಿನಗಳಲ್ಲಿಯೇ ಗುಂಡುಮಾಲ್ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಉದ್ದದ ಗೋಡೆ, ಕಾಡಿನ ದೃಶ್ಯ ಬೇಕು ಎಂದಿದ್ದರು. ಗೋಡೆ ಸಿಕ್ಕಿದೆ, ನಿನ್ನ ಗುಡ್ಡ ಬರೆಯುತ್ತೇನೆ ಎಂದು ತಂಗಿಗೆ ಮಾತು ಕೊಟ್ಟು, ಖಾಕಾಗಳನ್ನೆಲ್ಲ ಕಟ್ಟಿಕೊಂಡು ಹೋದೆ. ಹೋದ ಮೇಲೆ ಹೆಡ್‌ಮಾಸ್ತರರು ಬೇರೆ ಹೇಳಿದರು. ಅವರದೇನೂ ತಪ್ಪಿಲ್ಲ. ಗೋಡೆಯ ಹೆಚ್ಚಿನ ಭಾಗಕ್ಕೆ ಗುಣಾಕಾರದ ಮಗ್ಗಿ ಮತ್ತು ದೇಹದ ಭಾಗಗಳು ಬೇಕಂತೆ. ಎರಡು ಕಿಟಕಿಗಳ ನಡುವೆ ಮಾತ್ರ ಕಾಡು. ಅದರಲ್ಲಿ ಪಾಠದ ಪುಸ್ತಕದಲ್ಲಿರುವ ಸಿಂಹ, ಆನೆ, ಜಿರಾಫೆ ಇರಲಿ ಎಂದರು. ಈ ಊರಿನ ಮಕ್ಕಳ ಮನೆಯಲ್ಲಿ ಕುರಿಗಳಿವೆ, ತೋಳ ಬರೆದರೆ ತಾಯಂದಿರು ನನ್ನನ್ನು ಬಿಡುವುದಿಲ್ಲ ಎಂದು ನಕ್ಕರು. ನಾನು ವಾದಿಸಲಿಲ್ಲ. ಖಾಕಾಗಳ ಗಂಟು ಬಿಚ್ಚಲೇ ಇಲ್ಲ. ಅಂಗಡಿಯಲ್ಲಿ ಕೊಂಡ ಚಾರ್ಟು ನೋಡಿ ಅಳತೆಗೆ ಚೌಕ ಹಾಕಿ, ಸಿಂಹ ಬರೆದು, ಹಿಂದೆ ಹಿಮದ ಬೆಟ್ಟ ಇಟ್ಟು, ಎರಡು ದಿನದಲ್ಲಿ ಮುಗಿಸಿದೆ.

ಎರಡನೇ ದಿನ ಸಂಜೆ ನಾರಾಯಣಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅವಳ ಫೋನ್ ಬಂತು. ನಡೆದದ್ದನ್ನು ಹೇಳಬೇಕೆಂದೇ ಎತ್ತಿಕೊಂಡೆ. ಅವಳು ಹೇಗಿದ್ದೀಯ ಎನ್ನಲಿಲ್ಲ, ಊಟವಾಯಿತೇ ಎನ್ನಲಿಲ್ಲ. "ಗಾಳಿ ಯಾವ ಕಡಿಂದ ಹಿಡದಿ?" ಎಂದಳು.

ನನ್ನ ಬಾಯಿಂದ "ಪಡುವಲದಿಂದ" ಎಂದು ಬಂತು.

ಅಷ್ಟೇ ಹೇಳಿದ್ದು. ಆ ಕಡೆ ಅವಳು ಸಣ್ಣಗೆ ನಕ್ಕಳು. ಮದುವೆಯಾಗಿ ಹೋದ ಮೇಲೆ ಆ ನಗೆಯನ್ನು ನಾನು ಕೇಳಿರಲಿಲ್ಲ.

ಇಲ್ಲಿಂದ ಮುಂದೆ ಸುಳ್ಳಿಗೆ ನಾನು ದುಡಿದೆ. ವಾರಕ್ಕೊಮ್ಮೆ ಅವಳು ಫೋನ್ ಮಾಡಿದಾಗಲೆಲ್ಲ ಗುಡ್ಡದ ಸುದ್ದಿ ಕೇಳುತ್ತಿದ್ದಳು. ಚಿಗರಿಯ ಮುಖ ಯಾವ ಕಡೆ ಇದೆ, ನರಿಯ ಮೇಲೆ ನೆರಳು ಬಿದ್ದಿದೆಯೇ, ಮುಳ್ಳುಹಂದಿಯ ಮುಳ್ಳಿಗೆ ಬಿಳಿ ಹಚ್ಚಿದ್ದೀಯಾ. ನಾನು ಅವಳ ದೊಡ್ಡ ಹಾಳೆಯನ್ನು ಮುಂದೆ ಹರಡಿಕೊಂಡು ಉತ್ತರ ಕೊಡುತ್ತಿದ್ದೆ. ಶಾಲೆಯ ಮಕ್ಕಳು ಮುಳ್ಳುಹಂದಿಗೆ ಹೆಸರಿಟ್ಟಿದ್ದಾರೆ ಎಂದೆ. ಮಳೆ ಹೊಡೆದು ಒಂದು ಬಂಡೆಯ ಬಣ್ಣ ಎದ್ದಿತ್ತು, ಹೋಗಿ ಸರಿ ಮಾಡಿ ಬಂದೆ ಎಂದೆ. ಒಬ್ಬ ಮುದುಕ ದಿನವೂ ಬಂದು ತೋಳದ ಮುಂದೆ ನಿಂತು ಬೈದು ಹೋಗುತ್ತಾನೆ ಎಂದಾಗ ಅವಳು ಎಷ್ಟು ಖುಷಿಪಟ್ಟಳೆಂದರೆ, ಮುಂದಿನ ವಾರ ಮುದುಕ ಏನೆಂದು ಬೈದ ಎಂದು ಕೇಳಿದಳು. ಅದನ್ನೂ ಹೇಳಿದೆ.

ನಾನು ಕೆಟ್ಟ ಮನಸ್ಸಿನಿಂದ ಇದನ್ನು ಮಾಡಿದೆ ಎನ್ನಲಾರೆ. ಒಳ್ಳೆಯ ಮನಸ್ಸಿನಿಂದ ಎನ್ನಲೂ ಬಾಯಿ ಬರುವುದಿಲ್ಲ. ದಿನವೆಲ್ಲ ಏಣಿಯ ಮೇಲೆ ಗೋಡೆಗೆ ಮುಖ ಮಾಡಿ ನಿಂತು, ಕೋಣೆಗೆ ಬಂದು ಒಬ್ಬನಿಗೆ ಅನ್ನ ಮಾಡಿಕೊಳ್ಳುವವನಿಗೆ, ತನ್ನ ಮಾತಿಗಾಗಿ ಒಂದು ಜೀವ ಕಾದಿದೆ ಎಂಬುದು ದೊಡ್ಡ ಸಂಗತಿ. ಆ ಗುಡ್ಡ ಅವಳಿಗೆ ಎಷ್ಟು ಬೇಕಾಗಿತ್ತೋ ನನಗೂ ಅಷ್ಟೇ ಬೇಕಾಗಿತ್ತು. ಆದರೆ ಅವಳು ಆ ಗೋಡೆಗೆಂದೇ ಹೊಸ ಹೊಸ ಪ್ರಾಣಿಗಳನ್ನು, ತೋಳಕ್ಕೊಂದು ಮರಿಯನ್ನು ಕೂಡ, ಬರೆದು ಕಳಿಸುತ್ತಿದ್ದಳು. ಅವನ್ನು ನಾನು ಸಿಕ್ಕ ಸಿಕ್ಕ ಅಂಗಡಿಗೆ ಬಳಸಿಬಿಡುತ್ತಿದ್ದೆ. ಜಾಗ ಸಾಲದಿದ್ದರೆ ಹಾಳೆಯನ್ನು ತಿರುವಿ ಹಿಡಿದು, ಎಡಕ್ಕೆ ನೋಡುವ ಪ್ರಾಣಿಯನ್ನು ಬಲಕ್ಕೆ ನೋಡುವಂತೆ ಮಾಡುತ್ತಿದ್ದೆ. ಗಾಳಿ ಯಾವ ಕಡೆಯಿಂದ ಎಂದು ಒಂದು ಸಲವೂ ಯೋಚಿಸಲಿಲ್ಲ.

ಕರೆದುಕೊಂಡು ಹೋಗು ಎಂದು ಅವಳು ಆಗಾಗ ಕೇಳುತ್ತಿದ್ದಳು. ನಾಟಿ ಮುಗಿಯಲಿ, ಕೊಯ್ಲು ಮುಗಿಯಲಿ, ಶಾಲೆಗೆ ರಜೆ ಇದೆ ಎಂದು ತಳ್ಳುತ್ತ ಬಂದೆ. ಗದ್ವಾಲ, ಮಕ್ತಲ್, ನಾರಾಯಣಪೇಟೆ ದಾಟಿ ಹೋಗುವ ದಾರಿ. ಎಮ್ಮೆ ಕಟ್ಟಿಕೊಂಡವಳು ಒಬ್ಬಳೇ ಬರಲಾರಳು ಎಂಬ ಧೈರ್ಯ ನನಗಿತ್ತು.

ನಾಲ್ಕು ವರ್ಷ ಹೀಗೆ ನಡೆಯಿತು. ಆಮೇಲೆ ಅವಳ ಗಂಡ ದೊಡ್ಡ ಫೋನ್ ಕೊಂಡ. ಅವಳು ಮೊದಲು ಕೇಳಿದ್ದೇ ಗೋಡೆಯ ಫೋಟೋ. ನನ್ನದು ಗುಂಡಿ ಒತ್ತುವ ಫೋನ್. ಶಾಲೆಯ ಮಾಸ್ತರರೊಬ್ಬರಿಗೆ ಹೇಳಿ ತೆಗೆಸಿ ಕಳಿಸು ಎಂದಳು. ಮಾಸ್ತರರು ಸಿಗಲಿಲ್ಲ ಎಂದೆ, ಮತ್ತೊಮ್ಮೆ ಅವರ ಫೋನ್ ಕೆಟ್ಟಿದೆ ಎಂದೆ. ಒಂದು ಶುಕ್ರವಾರ ಅವಳು, ನೀನೇನೂ ತೊಂದರೆ ತಗೋಬೇಡ, ಇವರಿಗೆ ಬಿಡುವಿದೆ, ಭಾನುವಾರ ಇಬ್ಬರೂ ಬರುತ್ತೇವೆ, ಮಕ್ತಲ್‌ನಲ್ಲಿ ನಿನ್ನನ್ನು ಕರೆದುಕೊಂಡು ನೇರ ಅಲ್ಲಿಗೇ ಹೋಗೋಣ ಎಂದಳು.

ಆಗ ಹೇಳಬಹುದಿತ್ತು. ಅವಳು ಬೈಯುತ್ತಿದ್ದಳು, ಅಳುತ್ತಿದ್ದಳು, ಬಹುಶಃ ಮುಂದೊಂದು ದಿನ ನಗುತ್ತಿದ್ದಳು.

"ಬರಬ್ಯಾಡ ತಂಗಿ," ಎಂದೆ. "ಸುಣ್ಣ ಹೊಡದಾರ."

"ಯಾವುದಕ್ಕ?"

"ಗ್ವಾಡಿಗೆ. ಹೊಸಾ ಹೆಡ್‌ಮಾಸ್ತರ ಬಂದಾನ. ಕೇಳದ ಹೊಡಿಸ್ಯಾನ."

"ಎಲ್ಲಕ್ಕೂ?"

"ಎಲ್ಲಕ್ಕೂ."

ಅವಳು ಫೋನ್ ಇಟ್ಟಳು. ಆ ವರ್ಷ ಹಲವು ಶಾಲೆಗಳಿಗೆ ಹೊಸ ಬಣ್ಣ ಬೀಳುತ್ತಿತ್ತು, ಆದ್ದರಿಂದ ನನ್ನ ಮಾತು ಗಟ್ಟಿಯಾಗಿ ನಿಂತಿತು. ಹೆಡ್‌ಮಾಸ್ತರರು ಬದಲಾಗಿರಲಿಲ್ಲ. ಅದೂ ಸುಳ್ಳು.

ಮರುದಿನ ಬೆಳಿಗ್ಗೆ ಅವಳ ಗಂಡ ಫೋನ್ ಮಾಡಿದ. ನಮ್ಮಲ್ಲಿ ಸಾವಿನ ಸುದ್ದಿ ಬಂದರೆ ಇದ್ದಲ್ಲಿಯೇ ತಲೆಗೆ ನೀರು ಹಾಕಿಕೊಳ್ಳುತ್ತಾರೆ.

"ಭಾವ, ನಿಮ್ಮ ತಂಗಿ ನಿನ್ನಿ ತಲಿಮ್ಯಾಲ ನೀರು ಹಾಕ್ಕೊಂಡಾಳ್ರಿ. ನಾ ಗದ್ದಿಯಿಂದ ಬಂದು, ಯಾರು ಹೋದ್ರು ಅಂತ ಗಾಬರಿಯಾಗಿ ಕೇಳಿದ್ರ, ತೋಳ ಅಂದ್ಳು. ನಗಬೇಕೋ ಅಳಬೇಕೋ ತಿಳೀವಲ್ದು ನನಗ."

ಆ ಹೆಡ್‌ಮಾಸ್ತರರ ಊರು ಯಾವುದು, ಹೋಗಿ ನಾಲ್ಕು ಮಾತು ಕೇಳಿ ಬರುತ್ತೇನೆ ಎಂದೂ ಅಂದ. ಬೇಡ, ಸರಕಾರದ ಕೆಲಸ, ನಮಗೇಕೆ ಎಂದು ತಡೆದೆ.

ಅದರ ನಂತರ ಗದ್ವಾಲಕ್ಕೆ ಯಾವ ಸುರುಳಿಯೂ ಬರಲಿಲ್ಲ. ಹಬ್ಬಕ್ಕೆ ಫೋನ್ ಮಾಡುತ್ತಿದ್ದಳು, ಆರೋಗ್ಯ ವಿಚಾರಿಸುತ್ತಿದ್ದಳು. ಒಂದು ನವಿಲು ಬೇಕಾಗಿತ್ತು ಎಂದು ನಾನೊಮ್ಮೆ ಬಾಯಿಬಿಟ್ಟಾಗ, ಕೈ ಹೋಗುವುದಿಲ್ಲ ಅಣ್ಣ ಎಂದಷ್ಟೇ ಹೇಳಿದಳು. ನಾನು ಹಳೆಯ ಖಾಕಾಗಳಲ್ಲಿಯೇ ಕೆಲಸ ನಡೆಸಿದೆ. ತಟ್ಟಿ ತಟ್ಟಿ ತೂತುಗಳು ಅಗಲವಾದವು, ಒಂದಕ್ಕೊಂದು ಕೂಡಿ ಹರಿದವು. ಮೊದಲು ನರಿಯ ಕಾಲು ಹೋಯಿತು, ಆಮೇಲೆ ಚಿಗರಿಯ ಕೊಂಬು. ಹರಿದ ಕಡೆ ನಾನೇ ಗೆರೆ ಎಳೆದು ತುಂಬುತ್ತಿದ್ದೆ. ಎಲ್ಲಕ್ಕೂ ಮೆಲ್ಲಗೆ ಕುರಿಯ ಮುಖ ಬಂತು. ಯಾವ ಗಿರಾಕಿಯೂ ಏನೂ ಅನ್ನಲಿಲ್ಲ. ಹೊಗಳುವುದನ್ನು ಮಾತ್ರ ನಿಲ್ಲಿಸಿದರು.

ಕಳೆದ ಬೇಸಿಗೆಯಲ್ಲಿ ಆ ಶಾಲೆಯಿಂದಲೇ ಮತ್ತೆ ಕರೆ ಬಂತು. ಮಗ್ಗಿಯ ಅಂಕಿಗಳು ಮಾಸಿವೆ, ತಿದ್ದಬೇಕು. ಹೋದೆ. ಎರಡು ಕಿಟಕಿಗಳ ನಡುವೆ ನನ್ನ ಸಿಂಹ, ಹಿಮದ ಬೆಟ್ಟದ ಮುಂದೆ, ಇದ್ದ ಹಾಗೇ ಇತ್ತು. ಅದೇ ಹೆಡ್‌ಮಾಸ್ತರರು ಕುರ್ಚಿ ತರಿಸಿ ಕೂರಿಸಿದರು, ತಮ್ಮ ಮನೆಯಿಂದ ತಂದ ಚಹಾವನ್ನು ಫ್ಲಾಸ್ಕಿನಿಂದ ಬಗ್ಗಿಸಿ ಕೊಟ್ಟರು. ಆ ಸಿಂಹ ನೋಡಿದಾಗಲೆಲ್ಲ ಮಕ್ಕಳು ನಿಮ್ಮನ್ನು ನೆನೆಯುತ್ತಾರೆ ಎಂದರು. ಅತ್ತ ಧರೂರಿನ ಕಡೆ ಒಂದು ಮನೆಯಲ್ಲಿ ಈ ಮನುಷ್ಯನನ್ನು ಒಬ್ಬಳು ದಿನವೂ ಶಪಿಸುತ್ತಿರಬಹುದು ಎಂಬುದು ಆ ಚಹಾ ಕುಡಿಯುವಾಗ ನನಗೆ ಹೊಳೆಯಿತು. ಅರ್ಧಕ್ಕೇ ಬಿಟ್ಟು ಎದ್ದೆ. ಅಂಕಿಗಳನ್ನು ತಿದ್ದಿ ಮುಗಿಸಿ, ಮಾರನೆಯ ದಿನ ಮಕ್ತಲ್‌ನಲ್ಲಿ ಇಳಿಯದೆ ನೇರ ಗದ್ವಾಲದ ಬಸ್ಸಿನಲ್ಲಿ ಕುಳಿತೆ.

ಅವಳು ಅಂಗಳದ ಬೇವಿನ ನೆರಳಿನಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ಗಂಡ ಗದ್ದೆಗೆ ಹೋಗಿದ್ದ. ನೀರು ತಂದುಕೊಟ್ಟಳು. ನಾನು ಕುಡಿಯುವ ಮೊದಲೇ ಹೇಳಿದೆ. ನಿಂತು ನಿಂತು, ಒಂದನ್ನೂ ಬಿಡದೆ, ನಾರಾಯಣಪೇಟೆಯ ಬಸ್ ನಿಲ್ದಾಣದಿಂದ ಶುರು ಮಾಡಿ ಹೇಳಿದೆ. ಮುದುಕ ಇರಲಿಲ್ಲ ಎಂದೆ. ಮಕ್ಕಳು ಹೆಸರಿಟ್ಟಿರಲಿಲ್ಲ ಎಂದೆ. ಅವಳ ಕೈ ಮೊರದಲ್ಲಿ ಆಡುತ್ತಲೇ ಇತ್ತು. ಕಲ್ಲು ಸಿಕ್ಕರೆ ಎತ್ತಿ ಪಕ್ಕಕ್ಕೆ ಹಾಕುತ್ತಿದ್ದಳು.

"ಆ ಹೆಡ್‌ಮಾಸ್ತರಗ ಶಾಪ ಹಾಕೀನಲ್ಲೋ," ಎಂದಳು ಕೊನೆಗೆ. "ಬೀರಪ್ಪನ ಮುಂದ ನಿಂತು ಹಾಕೀನಿ."

ಹೇಳಿ ಮುಗಿಸಿದ್ದಕ್ಕೆ ನನ್ನ ಎದೆಯ ಭಾರ ಇಳಿದಂತಾಗಿತ್ತು. ಅದು ಅವಳಿಗೆ ಕಂಡಿರಬೇಕು. ಮೊರವನ್ನು ಕೆಳಗಿಟ್ಟಳು.

"ಸುಣ್ಣ ಹೊಡದ್ರೂ ಒಳಗ ಐತಿ ಅಂದ್ಕೊಂಡಿದ್ದೆ ಅಣ್ಣ. ಎಂದಾರ ಒಂದಿನ ಸುಣ್ಣ ಉದುರತೈತಿ, ಕಾಣತೈತಿ ಅಂತ. ಈಗ ನೀ ಬಂದು, ಇರಲೇ ಇಲ್ಲ ಅಂದಿ. ನಿನಗ ಹಗುರಾತು. ನನಗೇನು ಉಳಸಿದಿ?"

ಇದನ್ನು ನಾನು ಯೋಚಿಸಿರಲಿಲ್ಲ. ನಿಜ ಹೇಳಿದರೆ ಅವಳಿಂದ ಕಿತ್ತುಕೊಂಡದ್ದನ್ನು ಮರಳಿ ಕೊಟ್ಟಂತೆ ಎಂದುಕೊಂಡಿದ್ದೆ. ಸುಣ್ಣದ ಹಿಂದಾದರೂ ಅವಳ ಪ್ರಾಣಿಗಳು ಒಟ್ಟಿಗಿದ್ದವು, ಗಾಳಿ ಸರಿಯಾದ ಕಡೆಯಿಂದ ಬೀಸುತ್ತಿತ್ತು. ನಾನು ಬಸ್ಸು ಹತ್ತಿ ಬಂದು ಅದನ್ನೂ ಮುಗಿಸಿದ್ದೆ.

ಅವಳು ಒಳಗೆ ಹೋಗಿ ಎಮ್ಮೆಗೆ ನೀರಿಟ್ಟು ಬಂದಳು. ಮತ್ತೆ ಎದುರಿಗೆ ಕುಳಿತಳು.

"ಹಂಗಾದ್ರ ಅವೆಲ್ಲ ಎಲ್ಲೆಲ್ಲಿ ಅದಾವು? ಇದ್ದದ್ದು ಹೇಳು."

ಹೇಳಿದೆ. ಒಂದೊಂದೂ ಹಲವು ಕಡೆ ಇದ್ದರೂ ಮೊದಲು ನಿಲ್ಲಿಸಿದ ಗೋಡೆಗಳನ್ನೇ ಎಣಿಸಿದೆ. ನರಿ ಮಕ್ತಲ್ ಬಸ್ ನಿಲ್ದಾಣದ ಎದುರಿನ ಚಹಾ ಅಂಗಡಿಯಲ್ಲಿ, ಒಲೆಯ ಹಿಂದೆ, ಹೊಗೆ ಹಿಡಿದು ಕಪ್ಪಾಗಿದೆ. ಚಿಗರಿಗಳಲ್ಲಿ ಒಂದು ಗದ್ವಾಲದ ಗಿರಣಿಯ ಗೋಡೆಯಲ್ಲಿ, ಇನ್ನೊಂದು ನಾರಾಯಣಪೇಟೆಯ ಸೀರೆ ಅಂಗಡಿಯ ಬದಿಯಲ್ಲಿ. ಅದರ ಹೊಟ್ಟೆಯ ಮೇಲೆ ಕರೆಂಟಿನ ಮೀಟರ್ ಕೂರಿಸಿದ್ದಾರೆ. ಮುಳ್ಳುಹಂದಿ ಒಂದು ಅಂಗನವಾಡಿಯಲ್ಲಿ, ಕಮಲದ ಹೂವಿನ ಪಕ್ಕ. ಮೊಲ, ಉಡ, ಮುಂಗುಸಿ, ಕಾಡುಹಂದಿ ಎಲ್ಲಿವೆ ಎಂದೂ ಹೇಳಿದೆ. ತೋಳ ಮಕ್ತಲ್‌ನ ಒಂದು ಪಂಕ್ಚರ್ ಅಂಗಡಿಯಲ್ಲಿ, ನಾನು ತಿರುವಿ ಹಿಡಿದದ್ದರಿಂದ ಗೋಡೆಯ ಮೂಲೆಯನ್ನು ನೋಡುತ್ತ ನಿಂತಿದೆ. ಒಂದೊಂದಕ್ಕೂ ಅವಳು ಒಂದೊಂದು ಬೆರಳು ಮಡಚುತ್ತಿದ್ದಳು. ಅಷ್ಟು ವರ್ಷ ಸುಳ್ಳು ಹೇಳುವಾಗ ಅವಳು ಕೇಳಿದ್ದಕ್ಕಿಂತ ಹೆಚ್ಚು ಗಮನವಿಟ್ಟು ಕೇಳಿದಳು. ನಾನು ನಿಲ್ಲಿಸಿದಾಗ ಒಂದು ಬೆರಳು ಮಡಚದೇ ಉಳಿದಿತ್ತು.

"ತೋಳದ ಮರಿ?"

ನೆನಪಾಗಲಿಲ್ಲ. ಆ ಖಾಕಾ ಬಂದದ್ದು ಗೊತ್ತು, ಒಂದೇ ಸಲ ಬಳಸಿದ್ದು ಗೊತ್ತು. ಯಾವ ಊರು, ಯಾವ ಗೋಡೆ, ಎಷ್ಟು ತಿಣುಕಿದರೂ ಬರಲಿಲ್ಲ. ಏನಾದರೊಂದು ಊರಿನ ಹೆಸರು ಹೇಳಿಬಿಡುವುದು ಸುಲಭವಿತ್ತು. ಬಾಯಿಯವರೆಗೆ ಬಂದಿತ್ತು ಕೂಡ.

"ಗೊತ್ತಿಲ್ಲ," ಎಂದೆ.

ಅವಳು ಎದ್ದು ಒಲೆ ಹಚ್ಚಿದಳು. ರೊಟ್ಟಿ ಬಡಿದು, ಪಲ್ಯ ಹಾಕಿ ಕೊಟ್ಟಳು. ಗಂಡ ಬಂದು ಕಾಲುವೆಯ ನೀರಿನ ವಿಷಯ ಮಾತಾಡಿದ. ಬಸ್ಸಿನ ಹೊತ್ತಾದಾಗ ಬಾಗಿಲವರೆಗೆ ಬಂದಳು, ನಿಧಾನ ಹೋಗು ಎಂದಳು. ಇನ್ನು ಬರಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ.

ಅಂದಿನಿಂದ ಕೆಲಸಕ್ಕೆ ಹೋಗುವ ಊರುಗಳಲ್ಲಿ ಆ ಮರಿಗಾಗಿ ನನ್ನ ಹಳೆಯ ಗೋಡೆಗಳನ್ನು ಹುಡುಕಿ ನೋಡುತ್ತೇನೆ. ಕೆಲವು ಬಿದ್ದಿವೆ, ಕೆಲವಕ್ಕೆ ಬೇರೆಯವರ ಬಣ್ಣ ಬಿದ್ದಿದೆ. ಹೋದ ತಿಂಗಳು ದಾಮರಗಿದ್ದ ರಸ್ತೆಯ ಒಂದು ಹಳೆಯ ಗೊಬ್ಬರದ ಅಂಗಡಿಯ ಹಿಂದೆ ಒಂದು ಸಣ್ಣ ಪ್ರಾಣಿಯ ಬೆನ್ನು ಕಂಡು, ಒರಗಿಸಿದ್ದ ಚೀಲಗಳನ್ನು ಸರಿಸಿ ನೋಡಿದೆ. ಯಾರೋ ಬರೆದ ನಾಯಿ. ಅಂಗಡಿಯವನು ಏನು ಕಳೆದುಕೊಂಡಿದ್ದೀರಿ ಎಂದು ಕೇಳಿದ, ಏನೂ ಇಲ್ಲ ಎಂದು ಚೀಲಗಳನ್ನು ಮೊದಲಿನ ಹಾಗೆ ಇಟ್ಟು ಬಂದೆ. ಇನ್ನೂ ನೋಡಬೇಕಾದ ಊರುಗಳಿವೆ. ಸಿಕ್ಕರೆ ಎಲ್ಲಿದೆ, ಹೇಗಿದೆ, ಯಾವ ಕಡೆ ಮುಖ ಮಾಡಿದೆ ಎಂದು ಫೋನ್ ಮಾಡಿ ಹೇಳುತ್ತೇನೆ. ಸಿಗದಿದ್ದರೆ, ಫೋನಿನಲ್ಲಿ ನನ್ನ ಬಾಯಿಯನ್ನು ನಾನೇ ನಂಬಲಾರೆ, ಸಿಗಲಿಲ್ಲ ಎಂದು ಹೇಳಲು ಅವಳ ಮನೆಗೇ ಹೋಗಬೇಕು.